ಮೇಪಲ್ ರಸಕ್ಕೆ ಯಾವ ಉರಿ?

ಶಿರಸಿ ಸೀಮೆಯಲ್ಲಿ ಆಲೆಮನೆಯ ಹೊಗೆ ಕುಡಿದು ಬೆಳೆದವನಿಗೆ ರಸ ಕಾಯಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಅಮೆರಿಕದ ವರ್ಮಾಂಟಿನಲ್ಲಿ ನಾವು ಕೊಂಡ ಮನೆಯ ಹಿತ್ತಲಿನಲ್ಲಿ ಹದಿನಾಲ್ಕು ಸಕ್ಕರೆ ಮೇಪಲ್ ಮರಗಳಿವೆ ಎಂದು ಪಕ್ಕದ ಮನೆಯ ಅಜ್ಜ ತೋರಿಸಿಕೊಟ್ಟದ್ದೇ ತಡ, ಆ ಚಳಿಗಾಲದ ಕೊನೆಗೇ ಎಲ್ಲ ಮರಕ್ಕೂ ತೂತು ಕೊರೆದು, ಕೊಳವೆ ಬಡಿದು, ಬಕೆಟ್ ತೂಗುಹಾಕಿದೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಸೊನ್ನೆಯಿಂದ ನಾಲ್ಕೈದು ಡಿಗ್ರಿ ಮೇಲೆ. ಇಷ್ಟಾದರೆ ರಸ ಇಳಿಯುತ್ತದೆ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಇಲ್ಲಿ ಊರ ಸಭೆಯ ದಿನ. ಹಂಗಾಮು ಶುರುವಾಯಿತು ಎನ್ನುವುದಕ್ಕೆ ಹಳಬರು ಇಟ್ಟುಕೊಂಡ ಗುರುತೂ ಅದೇ. ನಮ್ಮೂರಿನಲ್ಲಿಯೂ ಆಲೆಮನೆ ಇನ್ನೂ ಮುಗಿದಿರದ ಕಾಲ.

ಜಂಬ ಇಳಿದದ್ದು ಲೆಕ್ಕಕ್ಕೆ ಕುಳಿತಾಗ. ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಪಾಲು ಸಕ್ಕರೆ ಇರುತ್ತದೆ. ಮೇಪಲ್ ರಸದಲ್ಲಿ ಎರಡು ಪಾಲು. ಬಕೆಟ್ಟಿನಿಂದ ಬೊಗಸೆಯಲ್ಲಿ ಎತ್ತಿ ಕುಡಿದರೆ ಸಿಹಿ ಇದೆಯೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಕುದಿಸಿ ಪಾಕವಾಗಿ ಸಿರಪ್ ಎನ್ನಿಸಿಕೊಳ್ಳಲು ಅದು ನೂರಕ್ಕೆ 66 ಪಾಲು ದಾಟಬೇಕು. ಇಲ್ಲಿನವರ ಕೈಸೂತ್ರ ಹೀಗೆ: 86ನ್ನು ರಸದ ಸಕ್ಕರೆ ಅಂಶದಿಂದ ಭಾಗಿಸು, ಒಂದು ಲೀಟರ್ ಸಿರಪ್ಪಿಗೆ ಬೇಕಾಗುವ ರಸ ಸಿಗುತ್ತದೆ. ಎರಡು ಪಾಲಿದ್ದರೆ 43 ಲೀಟರ್. ಅಂದರೆ ಒಂದು ಸಣ್ಣ ಬಾಟಲಿಗಾಗಿ ಎರಡು ದೊಡ್ಡ ಕೊಡಪಾನ ನೀರನ್ನು ಆವಿ ಮಾಡಿ ಆಕಾಶಕ್ಕೆ ಕಳಿಸಬೇಕು. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಏನೂ ಪೋಲಾಗದೆ ಸುಮಾರು 30 ಯೂನಿಟ್ ಶಾಖ. ಆಲೆಮನೆಗೆ ಇನ್ನೊಂದು ಅನುಕೂಲವಿತ್ತು: ಹಾಲು ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕುತ್ತಿದ್ದರು. ಮೇಪಲ್ ಬಕೆಟ್ಟಿನಲ್ಲಿ ಉರಿಸಲು ಏನೂ ಬರುವುದಿಲ್ಲ.

ಮೊದಲ ಪ್ರಯೋಗ ಅಡುಗೆಮನೆಯ ವಿದ್ಯುತ್ ಒಲೆಯಲ್ಲಿ. ನಾಲ್ಕು ಪಾತ್ರೆ, ನಾಲ್ಕು ಬರ್ನರ್, ಒಂದು ಇಡೀ ಶನಿವಾರ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿತ್ತು, ಸಂಜೆಗೆ ಸೂರಿನಿಂದ ತೊಟ್ಟಿಕ್ಕಲಾರಂಭಿಸಿತು. ಹೆಂಡತಿ ಬಾಗಿಲಲ್ಲಿ ನಿಂತು, "ಇದು ಅಡುಗೆಮನೆಯೋ ಬಚ್ಚಲೋ?" ಎಂದು ಕೇಳಿದಳು. ಹಂಡೆ ಕುದಿಯುವ ನಮ್ಮೂರ ಬಚ್ಚಲಿಗೆ ಹೆಂಚಿನ ಸಂದಿಯಾದರೂ ಇರುತ್ತದೆ. ಚಳಿನಾಡಿನ ಈ ಮನೆಗಳನ್ನು ಒಂದು ಉಸಿರೂ ಹೊರಹೋಗದಂತೆ ಕಟ್ಟಿರುತ್ತಾರೆ. ಅಲಮಾರಿನ ಮೇಲಿನ ಬಣ್ಣ ಎದ್ದದ್ದು ಒಂದು ವಾರದ ಮೇಲೆ ಕಂಡಿತು. ಸಿಕ್ಕಿದ್ದು ಮುಕ್ಕಾಲು ಲೀಟರ್. ವಿದ್ಯುತ್ ಒಲೆಯ ಮೇಲೆ ನನಗೆ ಬೇರೆ ಸಿಟ್ಟಿಲ್ಲ. ಒಂದೆರಡು ಮರವಿದ್ದು, ಅಂಗಳದಲ್ಲಿ ಪ್ಲಗ್ ಇದ್ದರೆ, ಹಾಟ್‌ಪ್ಲೇಟನ್ನು ಹೊರಗಿಟ್ಟು ದಿನವಿಡೀ ಅದರ ಪಾಡಿಗೆ ಬಿಡಬಹುದು. ಹದಿನಾಲ್ಕು ಮರಕ್ಕೆ ಅದು ಆಗುವ ಮಾತಲ್ಲ.

ಎರಡನೆಯ ವಾರ ಗ್ಯಾಸ್. ಇಡೀ ಟರ್ಕಿ ಕೋಳಿಯನ್ನು ಎಣ್ಣೆಯಲ್ಲಿ ಕರಿಯಲು ಇಲ್ಲಿ ಮಾರುವ ಮೂರು ಕಾಲಿನ ಪ್ರೊಪೇನ್ ಒಲೆ ಮತ್ತು 9 ಕಿಲೋ ಸಿಲಿಂಡರ್ ತಂದೆ. ಗುಬ್ಬಿ ತಿರುಗಿಸಿದ ಕೂಡಲೇ ಭೋರೆಂದು ನೀಲಿ ಉರಿ, ನೋಡಿ ಖುಷಿಯಾಯಿತು. ಗಾಳಿ ಬೀಸಿದಾಗ ಉರಿಯೆಲ್ಲ ಪಾತ್ರೆಯ ಪಕ್ಕದಿಂದ ಹೊರಗೆ ಓಡಿತು. ಇನ್ನೂ ಕೆಲವು ಗಂಟೆ ಕಳೆಯುವಷ್ಟರಲ್ಲಿ ಸಿಲಿಂಡರಿನ ಕೆಳಭಾಗಕ್ಕೆ ಬಿಳಿ ಹಿಮ ಕಟ್ಟಿ, ಉರಿ ಹಣತೆಯಷ್ಟಾಯಿತು. ಗ್ಯಾಸ್ ಮುಗಿಯಿತೆಂದು ಅಲುಗಾಡಿಸಿದರೆ ಒಳಗೆ ಕುಲುಕುತ್ತಿದೆ! ದ್ರವ ಅನಿಲವಾಗುವಾಗ ತನ್ನ ಸುತ್ತಲಿನ ಶಾಖವನ್ನೇ ಹೀರುತ್ತದೆ. ಹೊರಗೂ ಚಳಿ, ಎಳೆಯುತ್ತಿರುವುದೂ ಜೋರು, ಹಾಗಾಗಿ ಒಳಗಿನ ಒತ್ತಡ ಕುಸಿದಿತ್ತು. ಅಂಥ ಹೊತ್ತಿನಲ್ಲಿ ಸಿಲಿಂಡರನ್ನು ಒಲೆಯ ಹತ್ತಿರ ಸರಿಸುವ ಬುದ್ಧಿ ಯಾರಿಗಾದರೂ ಬಂದೀತು, ದಯವಿಟ್ಟು ಬೇಡ. ನಾನು ಎರಡು ಸಿಲಿಂಡರ್ ಇಟ್ಟುಕೊಂಡು ಅದಲು ಬದಲು ಮಾಡಿದೆ. ಗಾಳಿಗೆ ತಡೆಯಿಲ್ಲದೆ ಒಂದು ಸಿಲಿಂಡರಿಗೆ ಒಂದೂವರೆ ಲೀಟರ್ ಸಿರಪ್ ಬಂತು. ಸುತ್ತ ತಗಡಿನ ಮರೆ ನಿಲ್ಲಿಸಿದ ಮೇಲೆ ಎರಡರ ಹತ್ತಿರ. ಸಿಲಿಂಡರ್ ತುಂಬಿಸಲು 20 ಡಾಲರ್. ಅಂಗಡಿಯ ಸಿರಪ್ಪಿಗಿಂತ ಅಗ್ಗವಾಯಿತೆಂದು ಹೇಳಬೇಕಾದರೆ ನನ್ನ ಕೂಲಿಯನ್ನು ಬರೆಯದೇ ಇರಬೇಕು. ಮಳೆ ಬಂತೆಂದು ಈ ಒಲೆಯನ್ನು ಗ್ಯಾರೇಜಿನೊಳಗೆ ತಂದು ಬಾಗಿಲು ಎಳೆದುಕೊಳ್ಳಲೂಬಾರದು. ವಾಸನೆಯೇ ಇಲ್ಲದ ಇಂಗಾಲದ ಮಾನಾಕ್ಸೈಡ್ ಜೀವ ತೆಗೆಯುತ್ತದೆ.

ಕೊನೆಗೆ ಕಟ್ಟಿಗೆಗೇ ಬಂದೆ. ಬಿರುಗಾಳಿಗೆ ಬಿದ್ದ ಮರದ ತುಂಡುಗಳು ಎರಡು ವರ್ಷದಿಂದ ಹಿತ್ತಲಲ್ಲಿ ಒಣಗುತ್ತಿದ್ದವು. ಸಿಮೆಂಟ್ ಬ್ಲಾಕುಗಳನ್ನು ಎರಡು ಸಾಲಾಗಿ ಜೋಡಿಸಿ, ಮೇಲೆ ಬಫೆಯಲ್ಲಿ ಅನ್ನ, ಪಲ್ಯ ಇಡುವಂಥ ಉದ್ದನೆಯ ಸ್ಟೀಲ್ ಟ್ರೇ ಮೂರನ್ನು ಕೂರಿಸಿ, ಹಿಂದೆ ಹೊಗೆ ಕೊಳವೆ ನಿಲ್ಲಿಸಿದೆ. ಆಳವಾದ ಪಾತ್ರೆಗಿಂತ ಅಗಲದ ಟ್ರೇ ಏಕೆಂದರೆ ನೀರು ಆವಿಯಾಗಿ ಹೋಗುವುದು ಮೇಲ್ಮೈಯಿಂದ, ಉರಿ ತಾಗುವುದು ತಳಕ್ಕೆ. ಎರಡೂ ಅಗಲವಿದ್ದಷ್ಟೂ ಕೆಲಸ ಬೇಗ. ಕೊಪ್ಪರಿಗೆಯ ಬಾಯಿ ಅಷ್ಟು ಅಗಲ ಏಕೆಂಬುದು ನನಗೆ ನಲವತ್ತನೆಯ ವಯಸ್ಸಿನಲ್ಲಿ ಅರ್ಥವಾಯಿತು.

ಆದರೂ ಕುದಿ ಏಳಲಿಲ್ಲ. ಮುಂದಿನ ಟ್ರೇ ಮಾತ್ರ ಕುದಿಯುತ್ತದೆ, ಹಿಂದಿನ ಎರಡು ಸುಮ್ಮನೆ ಹೊಗೆಯಾಡುತ್ತವೆ. ಅಪ್ಪಯ್ಯನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ.

"ತಮಾ, ರಸ ಆಮೇಲೆ ತೋರಿಸು. ಒಲೆಯ ಹೊಟ್ಟೆ ತೋರಿಸು," ಎಂದರು.

ಫೋನನ್ನು ಒಲೆಯ ಬಾಯಿಗೆ ಹಿಡಿದೆ.

"ಹಿಂದೆ ಇಷ್ಟು ಪೊಳ್ಳು ಬಿಟ್ಟರೆ ಉರಿ ನೆಲ ಹಿಡಿದು ಹೋಗುತ್ತದೆ, ತಳಕ್ಕೆ ಎಲ್ಲಿ ಮುಟ್ಟೀತು? ಮಣ್ಣು ತುಂಬಿಸಿ ಏರಿಸು. ಬೆಂಕಿ ಪಾತ್ರೆಯ ಹೊಟ್ಟೆ ನೆಕ್ಕಿಕೊಂಡು ಹೋಗಬೇಕು."

ಮರುದಿನ ಮರಳು ತಂದು ಹಿಂಭಾಗವನ್ನು ಇಳಿಜಾರಾಗಿ ಏರಿಸಿ, ಟ್ರೇಯ ತಳಕ್ಕೂ ಮರಳಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಜಾಗ ಬಿಟ್ಟೆ. ಮುಂದೆ ಬೂದಿ ಉದುರಿ ಗಾಳಿ ಬರುವಂತೆ ಕಬ್ಬಿಣದ ಜಾಲರಿ ಇಟ್ಟೆ. ಮೂರೂ ಟ್ರೇ ಒಟ್ಟಿಗೆ ಕುದಿಗೆ ಬಂದವು. ಗಂಟೆಗೆ ಹದಿನೈದು ಲೀಟರ್ ನೀರು ಆವಿಯಾಗಿ ಹಾರಿತು. ಕಟ್ಟಿಗೆಯನ್ನು ಮಣಿಕಟ್ಟಿನ ದಪ್ಪಕ್ಕೆ ಸೀಳಬೇಕು, ಎಂಟು ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕಬೇಕು. ದೊಡ್ಡ ಕೊರಡು ತುರುಕಿ ಒಳಗೆ ಹೋಗಿ ಕಾಫಿ ಕುಡಿದು ಬಂದರೆ ಕುದಿ ಸತ್ತಿರುತ್ತದೆ. ತಣ್ಣನೆಯ ರಸವನ್ನು ನೇರ ಸುರಿದರೂ ಹಾಗೆಯೇ. ಅದಕ್ಕೆ ಹೊಗೆ ಕೊಳವೆಯ ಪಕ್ಕದಲ್ಲಿ ಒಂದು ಡಬ್ಬಿಯಲ್ಲಿ ಬಿಸಿಯಾಗಲು ಇಟ್ಟು ಸಣ್ಣ ಧಾರೆಯಾಗಿ ಬಿಡುತ್ತೇನೆ.

ಒಂದು ಅವಘಡ ಹೇಳಲೇಬೇಕು. ಒಲೆ ಕಟ್ಟಿದ್ದು ಹೆಪ್ಪುಗಟ್ಟಿದ ನೆಲದ ಮೇಲೆ. ಕಲ್ಲಿನಂತೆ ಗಟ್ಟಿಯಿದೆ ಎಂದುಕೊಂಡಿದ್ದೆ. ಮೂರನೆಯ ದಿನದ ಬೆಂಕಿಗೆ ಅಡಿಯ ನೆಲ ಕರಗಿ ಕೆಸರಾಗಿ, ಎಡಗಡೆಯ ಸಾಲು ಎರಡು ಬೆರಳು ಕುಸಿಯಿತು. ಟ್ರೇಯ ಬಲಮೂಲೆ ಒಣಗಿ ಸೀದು ಕಪ್ಪಾಯಿತು. ಎಂಟು ಗಂಟೆ ಕಾಯಿಸಿದ ರಸಕ್ಕೆ ಸುಟ್ಟ ವಾಸನೆ ಹಿಡಿದು ಎಲ್ಲವನ್ನೂ ಹಿಮದ ಮೇಲೆ ಚೆಲ್ಲಿದೆ. ಈಗ ಕೆಳಗೆ ಜಲ್ಲಿ ಹಾಸಿ ಚಪ್ಪಡಿ ಇಟ್ಟಿದ್ದೇನೆ. ಟ್ರೇಯಲ್ಲಿ ಎರಡು ಬೆರಳಿಗಿಂತ ಕಡಿಮೆ ರಸ ಉಳಿಯಲು ಬಿಡುವುದಿಲ್ಲ.

ಕೊನೆಯ ಹದಕ್ಕೆ ಮಾತ್ರ ಕಟ್ಟಿಗೆಯನ್ನು ನಂಬುವುದಿಲ್ಲ. ರಸ ಚಹಾದ ಬಣ್ಣಕ್ಕೆ ತಿರುಗಿದಾಗ ಇಳಿಸಿ, ಸೋಸಿ, ಗ್ಯಾಸ್ ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ಮುಗಿಸುತ್ತೇನೆ. ನೀರು ಕುದಿಯುವ ಉಷ್ಣತೆಗಿಂತ ನಾಲ್ಕು ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಹದ. ಹವೆಯ ಒತ್ತಡ ಬದಲಾದಂತೆ ನೀರಿನ ಕುದಿಬಿಂದುವೂ ಬದಲಾಗುವುದರಿಂದ ಮೊದಲು ಒಂದು ಲೋಟ ನೀರು ಕುದಿಸಿ ಥರ್ಮಾಮೀಟರ್ ನೋಡಿಕೊಳ್ಳುತ್ತೇನೆ. ಗುಳ್ಳೆಗಳು ಸಣ್ಣದಾಗಿ, ದಟ್ಟವಾಗಿ, ಬಂಗಾರದ ಬಣ್ಣದಲ್ಲಿ ಏಳುತ್ತವೆ. ಕಣ್ಣು ಮಿಟುಕಿಸುವುದರೊಳಗೆ ನೊರೆ ಪಾತ್ರೆಯ ಅಂಚಿಗೆ ಬರುತ್ತದೆ. ಕಡ್ಡಿಯ ತುದಿಯಲ್ಲಿ ಒಂದಿಷ್ಟು ಬೆಣ್ಣೆ ತಾಗಿಸಿದರೆ ಗದರಿಸಿದ ಮಗುವಿನಂತೆ ಕೆಳಗೆ ಕೂರುತ್ತದೆ. ಸೌಟು ಎತ್ತಿದಾಗ ಹನಿ ಹನಿಯಾಗಿ ಬೀಳದೆ ಅಂಚಿನಲ್ಲಿ ಪರದೆಯಂತೆ ಕೂಡಿಕೊಂಡು ಜಾರಬೇಕು. ಎಳೆ ಪಾಕ ನೋಡಿ ಗೊತ್ತಿದ್ದವರಿಗೆ ಇದು ಕಣ್ಣಿಗೆ ಸಿಗುತ್ತದೆ. ಆ ಗಳಿಗೆಯಲ್ಲಿ ಗುಬ್ಬಿ ತಿರುಗಿಸಿದರೆ ಉರಿ ಆರಬೇಕು. ಕಟ್ಟಿಗೆಯ ಕೆಂಡಕ್ಕೆ ಸಾಕು ಎಂದರೆ ಕೇಳುತ್ತದೆಯೇ?

ಕಟ್ಟಿಗೆಯ ಹೊರೆ ಇಳಿಸಲು ಚಳಿಯೂ ನೆರವಾಗುತ್ತದೆ. ರಾತ್ರಿ ಬಕೆಟ್ಟಿನಲ್ಲಿ ಕಟ್ಟಿದ ಮಂಜುಗಡ್ಡೆ ಬಹುಪಾಲು ಬರಿ ನೀರು, ಸಕ್ಕರೆ ಅಡಿಯಲ್ಲಿ ಉಳಿದ ರಸದಲ್ಲಿ ಸೇರಿರುತ್ತದೆ. ಬೆಳಗ್ಗೆ ಗಡ್ಡೆಯನ್ನು ಎತ್ತಿ ಎಸೆಯುತ್ತೇನೆ. ದೊಡ್ಡ ಪ್ರಮಾಣದಲ್ಲಿ ಮಾಡುವವರು ರಿವರ್ಸ್ ಆಸ್ಮೋಸಿಸ್ ಯಂತ್ರದಿಂದ ಒಲೆ ಹಚ್ಚುವ ಮೊದಲೇ ನೀರಿನ ಮುಕ್ಕಾಲು ಪಾಲು ತೆಗೆದುಬಿಡುತ್ತಾರೆ. ನನ್ನ ಹದಿನಾಲ್ಕು ಮರಕ್ಕೆ ಅಷ್ಟೆಲ್ಲ ಬೇಡ ಎಂದು ಹೇಳಿಕೊಂಡಿದ್ದೇನೆ. ಹೆಂಡತಿ ಒಪ್ಪಿಲ್ಲ.

ಕಳೆದ ವರ್ಷ ಹನ್ನೊಂದು ಲೀಟರ್ ಆಯಿತು. ಊರಿಗೆ ಹೊರಟವರ ಕೈಯಲ್ಲಿ ಒಂದು ಬಾಟಲಿ ಕಳಿಸಿದೆ. ಆಯಿ ದೋಸೆಗೆ ಹಾಕಿಕೊಂಡು ಚೆನ್ನಾಗಿದೆ ಎಂದಳು. ಅಪ್ಪಯ್ಯ ಬೆರಳಲ್ಲಿ ನೆಕ್ಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೋನಿಬೆಲ್ಲದಷ್ಟು ಮೈ ಇಲ್ಲ. ಹೊಗೆ ವಾಸನೆ ಇದೆ. ಒಲೆಯ ಬಾಯಿಗೆ ಮುಚ್ಚಳ ಇಟ್ಟಿಲ್ಲ, ಅಲ್ಲವೇ?" ಎಂದರು.

ಇಟ್ಟಿರಲಿಲ್ಲ. ಈ ಬಾರಿ ಹಳೆಯ ಕಬ್ಬಿಣದ ಹಾಳೆಯೊಂದಕ್ಕೆ ಹಿಡಿಕೆ ಬೆಸುಗೆ ಹಾಕಿಸಿಕೊಂಡು ಬಂದಿದ್ದೇನೆ.