ಮೊದಲು ಲಿನಕ್ಸ್, ಆಮೇಲೆ ಭಾಗಗಳು: ಮನೆ ಕಂಪ್ಯೂಟರ್ ಜೋಡಣೆಯ ನನ್ನ ಅನುಭವ

ಕಂಪ್ಯೂಟರ್ ಜೋಡಿಸಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಶುರುಮಾಡುತ್ತಾರೆ. ಆಪರೇಟಿಂಗ್ ಸಿಸ್ಟಂ ಯಾವುದೆಂಬ ಯೋಚನೆ ಬರುವುದು ಕೊನೆಗೆ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಹಾಕುವುದು ಖಚಿತವಾಗಿದ್ದರೆ ನಾನು ಈ ಕ್ರಮವನ್ನು ತಿರುಗಿಸುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆ ಕಾರಣಕ್ಕೆ ಲಿನಕ್ಸ್ ಕಡೆ ಬಂದವರಿಂದ ಕೇಳಿಬರುವ ದೂರುಗಳೆಂದರೆ ವೈಫೈ ಕಾಣುವುದಿಲ್ಲ, ಪರದೆ ಕಪ್ಪಾಗಿಯೇ ಉಳಿಯುತ್ತದೆ, ಸ್ಲೀಪ್‌ಗೆ ಹೋದ ಯಂತ್ರ ಏಳುವುದಿಲ್ಲ. ಇವುಗಳಲ್ಲಿ ಬಹುಪಾಲು ಭಾಗಗಳ ಪಟ್ಟಿ ಬರೆಯುವಾಗಲೇ ತಪ್ಪಿಸಬಹುದಾದವು.

ಕಾರಣ ಸರಳ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು (ಭಾಗಗಳನ್ನು ನಡೆಸುವ ತಂತ್ರಾಂಶ) ಸಿಸ್ಟಂನ ತಿರುಳಾದ ಕರ್ನಲ್‌ನ ಒಳಗೇ ಇರುತ್ತವೆ. ಮದರ್‌ಬೋರ್ಡ್ ಜೊತೆ ಬಂದ ಡಿಸ್ಕಿನಿಂದ ಡ್ರೈವರ್ ಹಾಕಿಕೊಳ್ಳುವ ಪದ್ಧತಿ ಇಲ್ಲಿಲ್ಲ. ಹಾಗಾಗಿ ಭಾಗಕ್ಕಿಂತ ಕರ್ನಲ್ ಹಳೆಯದಾದರೆ ಆ ಭಾಗ ಸರಿಯಾಗಿ ಕೆಲಸ ಮಾಡದು. ಉದಾಹರಣೆಗೆ ಎಎಂಡಿಯ ಆರ್‌ಎಕ್ಸ್ 7600 ಗ್ರಾಫಿಕ್ಸ್ ಕಾರ್ಡ್ 2023ರಲ್ಲಿ ಬಂತು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04ರ ಮೊದಲ ಆವೃತ್ತಿಯಲ್ಲಿದ್ದ 5.15 ಕರ್ನಲ್‌ಗೆ ಆ ಕಾರ್ಡಿನ ಪರಿಚಯವೇ ಇಲ್ಲ. ಉಬುಂಟು 24.04ರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 22 ಬಂದದ್ದು 6.8 ಕರ್ನಲ್ ಜೊತೆ, ಅದರಲ್ಲಿ ಯಾವ ತೊಂದರೆಯೂ ಇಲ್ಲ. ಹೊಸಬರಿಗೆ ನಾನು ಸೂಚಿಸುವುದು ಮಿಂಟ್ 22. ಅದರ ಬೆಂಬಲ 2029ರವರೆಗಿದೆ, ವಿಂಡೋಸ್ ಬಳಸಿದ ಕೈಗೆ ಅದರ ಮೆನು ಬೇಗ ಒಗ್ಗುತ್ತದೆ. ಈಗಷ್ಟೇ ಬಿಡುಗಡೆಯಾದ ಕಾರ್ಡೇ ಬೇಕೆನ್ನುವವರು ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುವ ಫೆಡೋರಾ ನೋಡಬಹುದು.

ಬರವಣಿಗೆ, ಪ್ರೋಗ್ರಾಮಿಂಗ್, ಫೋಟೋ ಕೆಲಸ, ಸಾಧಾರಣ ಮಟ್ಟದ ಆಟಗಳಿಗೆ ನಾನು ಮೆಚ್ಚುವ ಜೋಡಣೆ ಇದು: ಆರು ಕೋರ್‌ಗಳ ರೈಜೆನ್ 5 7600, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, 1 ಟಿಬಿ ಎನ್‌ವಿಎಂಇ (ಬೋರ್ಡಿಗೇ ಕೂರುವ ವೇಗದ) ಎಸ್‌ಎಸ್‌ಡಿ, 550ರಿಂದ 650 ವ್ಯಾಟ್‌ನ ಪವರ್ ಸಪ್ಲೈ. ಈ ಪ್ರೊಸೆಸರಿನಲ್ಲೇ ಸಣ್ಣದೊಂದು ಗ್ರಾಫಿಕ್ಸ್ ಇರುವುದರಿಂದ ಪ್ರತ್ಯೇಕ ಕಾರ್ಡನ್ನು ಆಮೇಲೆ ಸೇರಿಸಬಹುದು. ಕಾರ್ಡ್ ಕೈಕೊಟ್ಟರೆ ಪರೀಕ್ಷೆಗೂ ಅದು ನೆರವಾಗುತ್ತದೆ. ವಿದ್ಯುತ್ತಿನ ಲೆಕ್ಕ ಹೀಗೆ: ಪ್ರೊಸೆಸರ್ ಗರಿಷ್ಠ 88 ವ್ಯಾಟ್, ಆರ್‌ಎಕ್ಸ್ 7600 ಹಾಕಿದರೆ ಅದಕ್ಕೆ 165, ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ 50-60. ಒಟ್ಟು 310ರ ಆಸುಪಾಸು. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಬಹಳ ಹೆಚ್ಚು ಎಳೆಯುವುದುಂಟು. ಆಗ ಯಂತ್ರ ತಟ್ಟನೆ ಆರಿಹೋಗಬಾರದೆಂದೇ ಇಷ್ಟು ಅಂತರ ಇಟ್ಟುಕೊಳ್ಳುವುದು.

ಗ್ರಾಫಿಕ್ಸ್‌ನಲ್ಲಿ ಎಎಂಡಿ ನನಗೆ ಸಲೀಸು, ಏಕೆಂದರೆ ಡ್ರೈವರ್ ಕರ್ನಲ್ ಮತ್ತು ಮೆಸಾ (ಗ್ರಾಫಿಕ್ಸ್ ತಂತ್ರಾಂಶ) ಜೊತೆಗೇ ಬರುತ್ತದೆ. ಎನ್ವಿಡಿಯಾ ಕೂಡ ಚೆನ್ನಾಗಿಯೇ ನಡೆಯುತ್ತದೆ, ಆದರೆ ಕಂಪನಿಯ ಡ್ರೈವರನ್ನು ಡ್ರೈವರ್ ಮ್ಯಾನೇಜರ್ ಮೂಲಕ ಬೇರೆಯಾಗಿ ಹಾಕಬೇಕು. ಸಹಿಯಿಲ್ಲದ ತಂತ್ರಾಂಶವನ್ನು ಬೂಟ್ ವೇಳೆ ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಡ್ರೈವರಿಗೆ ಸಹಿಯ ಕೀಲಿ ನೋಂದಾಯಿಸಬೇಕು. ಮುಂದಿನ ಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ಎನ್‌ರೋಲ್ ಒತ್ತಿ, ಮೊದಲೇ ಕೊಟ್ಟ ಗುಪ್ತಪದ ಹಾಕಬೇಕು. ಆ ಪರದೆಯನ್ನು ಗಮನಿಸದೆ ದಾಟಿಬಿಟ್ಟರೆ ಡ್ರೈವರ್ ಲೋಡ್ ಆಗುವುದಿಲ್ಲ. ವೈಫೈಗೆ ಇಂಟೆಲ್ ಎಎಕ್ಸ್210 ಚಿಪ್ ಇರುವ ಬೋರ್ಡ್ ಸಿಕ್ಕರೆ ನಿಶ್ಚಿಂತೆ.

ಜೋಡಣೆಗೆ ಬರೋಣ. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ನ ಪಿನ್‌ಗಳಿರುವುದು ಬೋರ್ಡ್ ಮೇಲೆ, ಪ್ರೊಸೆಸರ್ ಮೇಲಲ್ಲ. ಬಾಗಿದ ಪಿನ್ ರಿಪೇರಿ ಬಹಳ ಕಷ್ಟ, ಆದ್ದರಿಂದ ಸಾಕೆಟ್‌ನ ಪ್ಲಾಸ್ಟಿಕ್ ಮುಚ್ಚಳವನ್ನು ಮೊದಲೇ ತೆಗೆಯಬೇಡಿ. ಪ್ರೊಸೆಸರನ್ನು ಮೂಲೆಯ ತ್ರಿಕೋನ ಗುರುತಿಗೆ ಹೊಂದಿಸಿ, ಒತ್ತದೆ ಇಟ್ಟು, ಲಿವರ್ ಹಾಕಿ. ಲಿವರ್ ಬಿಗಿಯಾಗಿಯೇ ಕೂರುತ್ತದೆ, ಮುಚ್ಚಳ ತಾನಾಗಿ ಹಾರಿ ಬರುತ್ತದೆ. ರ‍್ಯಾಮ್ ಎರಡಿದ್ದರೆ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್. ನಾಲ್ಕೂ ಸ್ಲಾಟ್ ತುಂಬಿಸುವ ಆಸೆ ಬೇಡ. ನಾಲ್ಕು ರ‍್ಯಾಮ್ ಹಾಕಿದರೆ ಈ ಸರಣಿಯ ಪ್ರೊಸೆಸರ್‌ಗಳಲ್ಲಿ ರ‍್ಯಾಮ್‌ನ ಅಧಿಕೃತ ವೇಗ 3600ಕ್ಕೆ ಇಳಿಯುತ್ತದೆ.

ಎಸ್‌ಎಸ್‌ಡಿಯನ್ನು ಪ್ರೊಸೆಸರಿಗೆ ಹತ್ತಿರದ ಎಂ.2 ಸ್ಲಾಟಿಗೆ ಹಾಕುತ್ತೇನೆ, ಸಾಮಾನ್ಯವಾಗಿ ಅದಕ್ಕೆ ಪ್ರೊಸೆಸರಿನದೇ ನೇರ ಸಂಪರ್ಕ. ಉಳಿದ ಎಂ.2 ಸ್ಲಾಟ್ ಬಳಸಿದಾಗ ಕೆಲವು ಬೋರ್ಡ್‌ಗಳಲ್ಲಿ ಹಾರ್ಡ್‌ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಒಂದೆರಡು ನಿಷ್ಕ್ರಿಯವಾಗುತ್ತವೆ. ಕೈಪಿಡಿಯ ಆ ಪುಟ ಓದದೆ ಹಾರ್ಡ್‌ಡಿಸ್ಕ್ ಸತ್ತಿದೆ ಎಂದುಕೊಳ್ಳುವವರುಂಟು. ಎಂ.2 ಹೀಟ್‌ಸಿಂಕ್‌ನ ಥರ್ಮಲ್ ಪ್ಯಾಡ್ ಮೇಲಿನ ಪಾರದರ್ಶಕ ಹಾಳೆಯನ್ನೂ ಕೂಲರ್ ತಳದ ಹಾಳೆಯನ್ನೂ ಕಿತ್ತು ತೆಗೆಯಿರಿ. ಪ್ರೊಸೆಸರ್ ಜೊತೆ ಬರುವ ಕೂಲರ್‌ಗೆ ಶಾಖ ದಾಟಿಸುವ ಪೇಸ್ಟ್ ಹಚ್ಚಿಯೇ ಇರುತ್ತದೆ. ಬೇರೆ ಕೂಲರ್ ಆದರೆ ಬಟಾಣಿ ಕಾಳಿನಷ್ಟು ಸಾಕು. ಸ್ಕ್ರೂಗಳನ್ನು ಕರ್ಣರೇಖೆಯಲ್ಲಿ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿ ಮಾಡಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಪೇಸ್ಟ್ ಸಮನಾಗಿ ಹರಡುವುದಿಲ್ಲ.

ಪವರ್ ಸಪ್ಲೈ ಬಗ್ಗೆ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಿಚ್ಚಿ ಹಾಕುವ ಕೇಬಲ್‌ಗಳ ಪವರ್ ಸಪ್ಲೈ ಬದಿಯ ತುದಿಗೆ ಯಾವ ಸಾಮಾನ್ಯ ಮಾನದಂಡವೂ ಇಲ್ಲ. ಹಳೆಯ ಸಪ್ಲೈನ ಕೇಬಲ್ ಹೊಸದಕ್ಕೆ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಡಿಸ್ಕ್ ಸುಟ್ಟುಹೋಗಬಹುದು. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಈ ಅಪಾಯವಿದೆ. ಪೆಟ್ಟಿಗೆಯಲ್ಲಿ ಬಂದ ಕೇಬಲ್ ಬಿಟ್ಟು ಬೇರೆ ಮುಟ್ಟಬೇಡಿ. ಹಾಗೆಯೇ ಪ್ರೊಸೆಸರಿನ 4+4 ಪಿನ್ ಮತ್ತು ಗ್ರಾಫಿಕ್ಸ್‌ನ 6+2 ಪಿನ್ ನೋಡಲು ಒಂದೇ ಥರ, ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ಬಲ ಹಾಕಬೇಕೆನಿಸಿದ ಕೂಡಲೇ ಕನೆಕ್ಟರ್ ಮೇಲಿನ ಬರಹ ಓದಿ.

ಕೇಸ್‌ಗೆ ಬೋರ್ಡ್ ಇಳಿಸುವ ಮೊದಲು ನಾನು ಹೊರಗೇ ಒಮ್ಮೆ ಚಾಲೂ ಮಾಡುತ್ತೇನೆ. ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದೇ ರ‍್ಯಾಮ್, 24 ಪಿನ್ ಮತ್ತು ಪ್ರೊಸೆಸರಿನ ಕೇಬಲ್ ಮಾತ್ರ. ಸ್ವಿಚ್ ಬದಲು ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಕಾಲ ಕೂಡಿಸಿದರೆ ಸಾಕು. ಇಲ್ಲಿ ತಾಳ್ಮೆ ಬೇಕು: ಡಿಡಿಆರ್5 ಮೊದಲ ಸಲ ಚಾಲೂ ಆದಾಗ ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ಪರದೆ ಕಪ್ಪು, ಡಿರ‍್ಯಾಮ್ ದೀಪ ಉರಿಯುತ್ತಿರುತ್ತದೆ. ಗಾಬರಿಯಾಗಿ ಆರಿಸಿದರೆ ಎಲ್ಲವೂ ಮೊದಲಿನಿಂದ. ಹದಿನೈದು ನಿಮಿಷ ಕಳೆದರೂ ಅದೇ ಸ್ಥಿತಿಯಿದ್ದರೆ ಆಗ ರ‍್ಯಾಮ್ ಕಿತ್ತು, ಕ್ಲಿಕ್ ಶಬ್ದ ಬರುವವರೆಗೆ ಮತ್ತೆ ಒತ್ತಿ. ಇಲ್ಲಿ ಬಯಾಸ್ (ಬೋರ್ಡಿನ ಸ್ವಂತ ಸೆಟ್ಟಿಂಗ್) ಪರದೆ ಕಂಡ ಮೇಲೆ ಕೇಸ್‌ಗೆ ಹಾಕಿದಾಗ ತೊಂದರೆ ಬಂದರೆ ಹುಡುಕಬೇಕಾದ ಜಾಗ ತೀರಾ ಕಡಿಮೆ: ಬೋರ್ಡ್ ತೂತಿಲ್ಲದ ಕಡೆ ಉಳಿದ ಹೆಚ್ಚುವರಿ ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಕಾಲು), ಅಥವಾ ಮುಂಭಾಗದ ಸ್ವಿಚ್ ತಂತಿ. ಆ ತಂತಿಗಳಲ್ಲಿ ಸ್ವಿಚ್‌ಗೆ ಧನ-ಋಣವಿಲ್ಲ, ಎಲ್‌ಇಡಿಗೆ ಇದೆ. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೇ ಹೋಗಬೇಕು.

ಬಯಾಸ್‌ನಲ್ಲಿ ಎಕ್ಸ್‌ಪೋ (ರ‍್ಯಾಮ್‌ನ ಪೂರ್ಣ ವೇಗದ ಆಯ್ಕೆ) ಚಾಲೂ ಮಾಡದಿದ್ದರೆ 6000ದ ರ‍್ಯಾಮ್ ಸಾಮಾನ್ಯವಾಗಿ 4800ರಲ್ಲೇ ಓಡುತ್ತದೆ. ಚಾಲೂ ಮಾಡಿದ ಮೇಲೆ ಮತ್ತೆ ಆ ಕಪ್ಪು ಪರದೆಯ ಕಾಯುವಿಕೆ ಇರುತ್ತದೆ. ಅದಾದ ಮೇಲೆ, ಲಿನಕ್ಸ್ ಹಾಕುವುದಕ್ಕೂ ಮುಂಚೆ, ಯುಎಸ್‌ಬಿಯಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸುವುದನ್ನು ನಾನು ಯಾವತ್ತೂ ಬಿಡುವುದಿಲ್ಲ. ಒಂದು ಪೂರ್ತಿ ಸುತ್ತಿನಲ್ಲಿ ಒಂದೇ ಒಂದು ದೋಷ ಕಂಡರೂ ಎಕ್ಸ್‌ಪೋ ತೆಗೆದು ಪುನಃ ಪರೀಕ್ಷೆ. ಆಗ ಶುದ್ಧವಾಗಿ ಬಂದರೆ ವೇಗದ ತೊಡಕು, ಆಗಲೂ ದೋಷ ಬಂದರೆ ರ‍್ಯಾಮ್ ಬದಲಿಸಿ. ಕೆಟ್ಟ ರ‍್ಯಾಮ್ ಮೇಲೆ ಇನ್‌ಸ್ಟಾಲ್ ಮಾಡಿದರೆ ಫೈಲ್‌ಗಳು ಬರೆಯುವಾಗಲೇ ಹಾಳಾಗುತ್ತವೆ, ತಿಂಗಳ ನಂತರ ಕಾಣುವ ವಿಚಿತ್ರ ತೊಂದರೆಗಳಿಗೆಲ್ಲ ಲಿನಕ್ಸ್ ಬೈಸಿಕೊಳ್ಳುತ್ತದೆ.

ಇಳಿಸಿಕೊಂಡ ಐಎಸ್‌ಓ ಫೈಲಿನ (ಲಿನಕ್ಸ್‌ನ ಇನ್‌ಸ್ಟಾಲ್ ಪ್ರತಿ) ಎಸ್‌ಎಚ್‌ಎ256 ಮೊತ್ತವನ್ನು (ಫೈಲ್ ಕೆಟ್ಟಿಲ್ಲವೆಂದು ತಿಳಿಸುವ ಸಂಕೇತ) ತಾಣದಲ್ಲಿ ಕೊಟ್ಟದ್ದರೊಂದಿಗೆ ತಾಳೆ ನೋಡಿ, ವೆಂಟಾಯ್ ಅಥವಾ ರೂಫಸ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಹಾಕಿ. ಮೊದಲು ಲೈವ್ ಆಗಿಯೇ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಧ್ವನಿ, ಸ್ಲೀಪ್, ಮಾನಿಟರಿನ ರೆಸಲ್ಯೂಶನ್ ನಾಲ್ಕನ್ನೂ ಪರೀಕ್ಷಿಸಿ. ಡಿಸ್ಕ್ ವಿಂಗಡಣೆಗೆ ನನ್ನ ಕ್ರಮ: ಬೂಟ್‌ಗೆ ಬೇಕಾದ ಇಎಫ್‌ಐ ಭಾಗಕ್ಕೆ 1 ಜಿಬಿ, ಸಿಸ್ಟಂ ಇರುವ ರೂಟ್‌ಗೆ 100 ಜಿಬಿ, ಮಿಕ್ಕದ್ದೆಲ್ಲ ನಿಮ್ಮ ಕಡತಗಳ ಹೋಮ್. ಹೋಮ್ ಬೇರೆಯಿದ್ದರೆ ಮುಂದೆ ಸಿಸ್ಟಂ ಹೊಸದಾಗಿ ಹಾಕುವಾಗ, ಆ ಭಾಗವನ್ನು ಫಾರ್ಮ್ಯಾಟ್ ಮಾಡದೆ ಬಿಟ್ಟರೆ, ಕಡತಗಳು ಇದ್ದಲ್ಲೇ ಇರುತ್ತವೆ.

ವಿಂಡೋಸ್ ಜೊತೆಗಿರಬೇಕಾದರೆ ಎರಡಕ್ಕೂ ಬೇರೆ ಬೇರೆ ಡಿಸ್ಕ್ ಕೊಡಿ. ವಿಂಡೋಸ್ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಬಯಾಸ್ ಬದಲಾವಣೆಯಾದಾಗ ವಿಂಡೋಸ್ ಅದನ್ನು ಕೇಳಬಹುದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಮುಚ್ಚದೆ ಬೇಗ ಏಳುವ ಸೌಲಭ್ಯ) ಆಫ್ ಮಾಡಿ, ಇಲ್ಲದಿದ್ದರೆ ಅದರ ಡ್ರೈವ್ ಲಿನಕ್ಸ್‌ನಲ್ಲಿ ಓದಲಷ್ಟೇ ಸಿಗುತ್ತದೆ ಅಥವಾ ತೆರೆಯುವುದೇ ಇಲ್ಲ. ಗಡಿಯಾರ ಎರಡರಲ್ಲಿ ಎರಡು ಸಮಯ ತೋರಿಸಿದರೆ ಬೋರ್ಡಿನ ಬ್ಯಾಟರಿಯನ್ನು ಅನುಮಾನಿಸಬೇಡಿ. ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ವಿಶ್ವ ಸಮಯ) ಇಡುತ್ತದೆ. ಎರಡರಲ್ಲೊಂದನ್ನು ಇನ್ನೊಂದರ ಪದ್ಧತಿಗೆ ಬದಲಿಸಿದರೆ ಮುಗಿಯಿತು.

ಅಭ್ಯಾಸಗಳ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತಂತ್ರಾಂಶ ಹಾಕುವ ರೀತಿ. ಜಾಲತಾಣದಿಂದ ಫೈಲ್ ಇಳಿಸಿ ಒತ್ತುವುದನ್ನು ಬಿಡಿ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿ, ಅಲ್ಲಿ ಹಳೆಯ ಆವೃತ್ತಿಯಿದ್ದರೆ ಅದೇ ಜಾಗದಲ್ಲಿ ಸಿಗುವ ಫ್ಲ್ಯಾಟ್‌ಪ್ಯಾಕ್ (ಬೇಕಾದ ಭಾಗಗಳೆಲ್ಲ ಜೊತೆಗೇ ಇರುವ) ಆವೃತ್ತಿ ನೋಡಿ. ಫ್ಲ್ಯಾಟ್‌ಪ್ಯಾಕ್ ಹೆಚ್ಚು ಜಾಗ ತಿನ್ನುತ್ತದೆ, ನಿಮ್ಮ ಬೇರೆ ಡ್ರೈವ್‌ಗಳು ಅದಕ್ಕೆ ಕಾಣದೆಯೂ ಇರಬಹುದು, ಆಗ ಫ್ಲ್ಯಾಟ್‌ಸೀಲ್ ಎಂಬ ತಂತ್ರಾಂಶದಲ್ಲಿ ಅನುಮತಿ ಕೊಡಿ. ಟರ್ಮಿನಲ್‌ನಲ್ಲಿ (ಆದೇಶ ಬರೆಯುವ ಕಿಟಕಿ) ಗುಪ್ತಪದ ಟೈಪಿಸುವಾಗ ಏನೂ ಮೂಡದಿದ್ದರೆ ಕೀಲಿಮಣೆ ಕೆಟ್ಟಿಲ್ಲ, ಅದು ಹಾಗೆಯೇ. ಸಿ, ಡಿ ಡ್ರೈವ್‌ಗಳಿಲ್ಲ, ಫೈಲ್ ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ಎರಡನೇ ಡಿಸ್ಕನ್ನು ಎಫ್‌ಸ್ಟ್ಯಾಬ್‌ನಲ್ಲಿ (ಬೂಟ್ ವೇಳೆ ತೆರೆಯುವ ಡಿಸ್ಕ್‌ಗಳ ಪಟ್ಟಿ) ಸೇರಿಸುವಾಗ ಯುಯುಐಡಿ ಎಂಬ ಅದರ ವಿಶಿಷ್ಟ ಸಂಖ್ಯೆಯಿಂದಲೇ ಗುರುತಿಸಿ, ನೋಫೇಲ್ (ಡಿಸ್ಕ್ ಸಿಗದಿದ್ದರೂ ಮುಂದುವರಿಸುವ) ಆಯ್ಕೆ ಹಾಕಿ. ಅದಿಲ್ಲದೆ ಆ ಡಿಸ್ಕ್ ತೆಗೆದರೆ ಯಂತ್ರ ಪೂರ್ತಿ ಬೂಟ್ ಆಗದೆ ತುರ್ತು ಪರದೆಯಲ್ಲಿ ನಿಲ್ಲುತ್ತದೆ.

ಕನ್ನಡ ಟೈಪಿಂಗ್ ಇಲ್ಲಿ ನಿಜಕ್ಕೂ ಚೆನ್ನಾಗಿದೆ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡ ಕಗಪ ಸೇರಿಸಿದರೆ ಬೇರೇನೂ ಹಾಕಬೇಕಿಲ್ಲ. ನುಡಿ ಬಳಸಿದವರಿಗೆ ಬಹುಮಟ್ಟಿಗೆ ಅದೇ ಕೈಚಳಕ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಲಿಬ್ರೆಆಫೀಸ್‌ನಲ್ಲಿ ಕನ್ನಡದ ಫಾಂಟ್ ಬದಲಿಸಿದರೂ ಬದಲಾಗದಿದ್ದರೆ ಭಾಷಾ ಆಯ್ಕೆಗಳಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಚಾಲೂ ಮಾಡಿ, ಕನ್ನಡಕ್ಕೆ ಅಲ್ಲಿ ಪ್ರತ್ಯೇಕ ಫಾಂಟ್ ಗೊತ್ತುಮಾಡಬೇಕು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಹಳೆಯ ಕಡತಗಳು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆ ಫಾಂಟ್ ಹಾಕಿದರೆ ಓದಬಹುದು, ಹುಡುಕಲಾಗದು. ಪರಿವರ್ತಕದಿಂದ ಯೂನಿಕೋಡ್‌ಗೆ ತಿರುಗಿಸಿಡುವುದೇ ಶಾಶ್ವತ ಪರಿಹಾರ.

ಮೊದಲ ಅಪ್‌ಡೇಟ್‌ಗೂ ಮುಂಚೆ ಸಿಸ್ಟಂನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಚಾಲೂ ಮಾಡಿ, ದಿನಕ್ಕೊಂದರಂತೆ ಐದು ಪ್ರತಿ ಸಾಕು. ಅದು ಕಾಯುವುದು ಸಿಸ್ಟಮ್ಮನ್ನು ಮಾತ್ರ, ನಿಮ್ಮ ಫೋಟೋ, ಬರಹಗಳನ್ನಲ್ಲ. ಅವುಗಳ ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಅಪ್‌ಡೇಟ್ ಆದ ಮೇಲೆ ಪರದೆ ಬಾರದಿದ್ದರೆ ಪುನಃ ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ಬೂಟ್ ಆಗುವಾಗ ಎಸ್ಕೇಪ್ ಒತ್ತಿ ಗ್ರಬ್ (ಬೂಟ್ ಆಯ್ಕೆಯ) ಮೆನು ತೆರೆದು, ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ಸರಿಹೋದರೆ ಕಾರಣ ಹೊಸ ಕರ್ನಲ್ ಅಥವಾ ಅದಕ್ಕೆ ಹೊಂದದ ಎನ್ವಿಡಿಯಾ ಡ್ರೈವರ್. ಮುಂದಿನ ಕರ್ನಲ್ ಬರುವವರೆಗೆ ಹಳೆಯದರಲ್ಲೇ ಕೆಲಸ ಮುಂದುವರಿಸಬಹುದು.