ಬಸಿರಿನ ಐದನೇ ತಿಂಗಳಲ್ಲಿ ಅಂಡಮಾನ್: ನಮ್ಮ ತಡವಾದ ಹನಿಮೂನ್

ನಮ್ಮ ಮದುವೆ ಆಗಿದ್ದು ಮೇ ತಿಂಗಳಲ್ಲಿ, ದಾವಣಗೆರೆಯಲ್ಲಿ. ಹನಿಮೂನ್‌ಗೆ ಹೋಗಿದ್ದು ಮುಂದಿನ ಫೆಬ್ರವರಿಯಲ್ಲಿ. ನಡುವೆ ಏನಾಯ್ತು ಅಂದರೆ, ಅಡಿಕೆ. ನಮ್ಮ ಮನೆಯವರದ್ದು ಚನ್ನಗಿರಿ ಕಡೆ ತೋಟ. ನೆಂಟರು ಊರು ಸೇರುವಷ್ಟರಲ್ಲಿ ಮಳೆ ಹಿಡಿಯಿತು, ಮಳೆ ಬಿಡುವಷ್ಟರಲ್ಲಿ ಕೊಯ್ಲು ಬಂತು, ಕೊಯ್ಲು ಅಂದಮೇಲೆ ಸುಲಿಯೋದು, ಬೇಯಿಸೋದು, ಒಣಗಿಸೋದು, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. "ಅಡಿಕೆ ಮುಗೀಲಿ, ಎಲ್ಲಿಗೆ ಬೇಕಾದ್ರೂ ಹೋಗೋಣ" ಅಂತ ಇವರು ಹೇಳುತ್ತಲೇ ಇದ್ದರು. ಅಡಿಕೆ ಮುಗಿಯುವ ಮುಂಚೆ, ದೀಪಾವಳಿ ಹೊತ್ತಿಗೆ, ನಾನು ಬಸುರಿ.

ಎಲ್ಲರೂ ಒಂದೇ ಮಾತು ಹೇಳಿದರು: ಇನ್ನು ಹೆರಿಗೆ ಆಗಲಿ, ಮಗೂನ ಕರ್ಕೊಂಡೇ ಹೋಗ್ರಿ. ಅದು ಪ್ರವಾಸ ಆಗುತ್ತೆ, ಹನಿಮೂನ್ ಹೇಗಾಗುತ್ತೆ? ನನಗೆ ಬೇಕಾಗಿದ್ದು ಐದಾರು ದಿನ ಸುಮ್ನೆ ಸಮುದ್ರದ ಮುಂದೆ ಕೂರೋದು, ನಾವಿಬ್ಬರೇ. ನಮ್ಮತ್ತೆ ಮಾತ್ರ ಬೇರೆ ಕಾರಣ ತೆಗೆದರು. "ಬಸುರಿ ಹೆಂಗಸು ಹೊಳೆ ದಾಟಬಾರದು ಅಂತಾರೆ, ನೀನು ಸಮುದ್ರಾನೇ ದಾಟ್ತೀನಿ ಅಂತೀಯಲ್ಲೇ!" ಅದೂ ಸಾಲದು ಅಂತ ಮಗನಿಗೂ ಒಂದು ನಿಯಮ ಇತ್ತು. ಹೆಂಡತಿ ಬಸುರಿ ಇದ್ದಾಗ ಗಂಡ ಸಮುದ್ರ ಸ್ನಾನ ಮಾಡಬಾರದಂತೆ. ಅದನ್ನು ಅವರು ನಾಲ್ಕು ಸಲ ಹೇಳಿದರು.

ನಾನು ವಾದ ಮಾಡಲಿಲ್ಲ. ನಮ್ಮ ಡಾಕ್ಟರ್ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಅವರು ನಕ್ಕರು, ಆಮೇಲೆ ಒಂದು ಲೆಕ್ಕ ಹೇಳಿದರು. ಮೊದಲ ಮೂರು ತಿಂಗಳು ಬೇಡ, ವಾಂತಿ, ಸುಸ್ತು, ಗರ್ಭ ನಿಲ್ಲುತ್ತೋ ಇಲ್ಲವೋ ಅನ್ನೋ ಭಯ ಎಲ್ಲ ಆಗಲೇ ಇರುತ್ತೆ. 28 ವಾರ ದಾಟಿದ ಮೇಲೆ ಹೊಟ್ಟೆ ಭಾರ, ಕೆಲವು ವಿಮಾನದವರೂ ಡಾಕ್ಟರ್ ಚೀಟಿ ಕೇಳೋಕೆ ಶುರು ಮಾಡುತ್ತಾರೆ, 36 ವಾರ ಆದಮೇಲೆ ಹೆಚ್ಚಿನವರು ಹತ್ತಿಸೋದೇ ಇಲ್ಲ. ಅಂದರೆ 14ರಿಂದ 28 ವಾರದ ನಡುವೆ ಹೋಗಬೇಕು. ಅದರಲ್ಲೂ ಐದನೇ ತಿಂಗಳ ದೊಡ್ಡ ಸ್ಕ್ಯಾನ್, ಅನಾಮಲಿ ಸ್ಕ್ಯಾನ್ ಅಂತಾರಲ್ಲ, ಅದು ಆಗಲಿ. ಮಾಸು ಕೆಳಗೆ ಕೂತಿದ್ದರೆ ಅಥವಾ ಗರ್ಭಕೋಶದ ಬಾಯಿ ಗಿಡ್ಡ ಆಗಿದ್ದರೆ ಕ್ಯಾನ್ಸಲ್. ಎಲ್ಲ ಸರಿ ಇದ್ದರೆ ಹೋಗಿ ಬಾ ಅಂದರು. ಲೆಕ್ಕ ಹಾಕಿದರೆ ಫೆಬ್ರವರಿ ಮೂರನೇ ವಾರಕ್ಕೆ ನನಗೆ 21 ವಾರ. ಅಡಿಕೆಯೂ ಅಷ್ಟೊತ್ತಿಗೆ ಮುಗಿದಿರುತ್ತೆ. ಸರಿ ಹೋಯ್ತು.

ಇನ್ನು ಎಲ್ಲಿಗೆ? ನನ್ನ ಮನಸ್ಸಲ್ಲಿ ಇದ್ದದ್ದು ಮಾಲ್ಡೀವ್ಸ್, ಸುಳ್ಳು ಯಾಕೆ ಹೇಳಲಿ. ನೀರಿನ ಮೇಲೆ ಕಟ್ಟಿದ ಆ ಮರದ ಮನೆಗಳು. ಬೆಂಗಳೂರಿಂದ ಹತ್ತಿರ, ವೀಸಾ ಅಲ್ಲಿ ಇಳಿದ ಮೇಲೆ ಪುಕ್ಕಟೆ ಸಿಗುತ್ತೆ. ಒಂದು ವಾರ ಅದನ್ನೇ ನೋಡಿದೆ. ಆಗ ನನ್ನ ಅಕ್ಕ ಒಂದು ಪ್ರಶ್ನೆ ಕೇಳಿದಳು. ಅವಳಿಗೆ ಮೊದಲ ಬಸಿರು ಐದನೇ ತಿಂಗಳಲ್ಲೇ ಕಳೆದುಹೋಗಿತ್ತು, ಹಾಗಾಗಿ ಅವಳು ಕೇಳಿದ್ದನ್ನು ಪಕ್ಕಕ್ಕೆ ಸರಿಸೋಕೆ ಆಗಲಿಲ್ಲ. "ರಾತ್ರಿ ಎರಡು ಗಂಟೆಗೆ ಬ್ಲೀಡಿಂಗ್ ಆಯ್ತು ಅಂದ್ಕೋ. ಹೆರಿಗೆ ಡಾಕ್ಟರ್ ಮುಂದೆ ಹೋಗೋಕೆ ಎಷ್ಟು ಹೊತ್ತು ಬೇಕು?"

ಆವತ್ತಿಂದ ನಾನು ರೂಮಿನ ಫೋಟೋ ನೋಡೋದು ಬಿಟ್ಟೆ. ಮೊದಲು ಆಸ್ಪತ್ರೆ ಎಲ್ಲಿದೆ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದೆ. ಮಾಲ್ಡೀವ್ಸ್‌ನಲ್ಲಿ ಒಂದು ರೆಸಾರ್ಟ್ ಅಂದರೆ ಒಂದು ದ್ವೀಪ. ದೊಡ್ಡ ಆಸ್ಪತ್ರೆಗಳು ಇರೋದು ರಾಜಧಾನಿ ಮಾಲೆಯಲ್ಲಿ. ದೂರದ ದ್ವೀಪಗಳಿಗೆ ಹೋಗೋದು ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ, ಅದು ಹಗಲಲ್ಲಿ ಮಾತ್ರ ಹಾರುತ್ತೆ. ಹತ್ತಿರದವಕ್ಕೆ ಸ್ಪೀಡ್ ಬೋಟ್, ಅಲೆ ಇದ್ದರೆ ಹೊಂಡ ಬಿದ್ದ ರಸ್ತೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕೂತಂತೆ. ಲಕ್ಷದ್ವೀಪ ನೋಡಿದೆವು. ಪರ್ಮಿಟ್ ಬೇಕು, ಅದು ಬಿಡಿ, ಸಿಗುತ್ತೆ. ಆದರೆ ದೊಡ್ಡ ತೊಂದರೆ ಆದರೆ ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಸಾಗಿಸಬೇಕು. ಬಾಲಿ, ಥಾಯ್ಲೆಂಡ್ ಅಂದಾಗ ಡಾಕ್ಟರ್ ತಲೆ ಅಲ್ಲಾಡಿಸಿದರು, ಝೀಕಾ. ಸೊಳ್ಳೆಯಿಂದ ಬರೋದು, ಲಸಿಕೆ ಇಲ್ಲ, ಬಸುರಿಗೆ ಬಂದರೆ ಮಗುವಿನ ಮೆದುಳಿಗೇ ಕುತ್ತು. ನಮ್ಮ ರಾಯಚೂರಲ್ಲೂ 2022ರಲ್ಲಿ ಒಂದು ಕೇಸ್ ಸಿಕ್ಕಿತ್ತಲ್ಲ ಅಂತ ಇವರು ಕೇಳಿದರು. ಸೊಳ್ಳೆಗೆ ಗಡಿ ಎಲ್ಲಿಯದು, ಆದರೆ ಜಾಸ್ತಿ ಇರೋ ಕಡೆಗೆ ನಾವೇ ಹುಡುಕಿಕೊಂಡು ಹೋಗೋದು ಬೇಡ ಅಂದರು ಡಾಕ್ಟರ್.

ಉಳಿದದ್ದು ಅಂಡಮಾನ್. ಬೆಂಗಳೂರಿಂದ ನೇರ ವಿಮಾನ, ಎರಡೂವರೆ ಗಂಟೆ ಚಿಲ್ಲರೆ. ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಜಿ.ಬಿ. ಪಂತ್ ಸರ್ಕಾರಿ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜೂ ಇದೆ. ನಮ್ಮದೇ ದೇಶ, ಪಾಸ್‌ಪೋರ್ಟ್ ಬೇಡ, ಹಿಂದಿ ನಡೆಯುತ್ತೆ. ಫೆಬ್ರವರಿಯಲ್ಲಿ ಮಳೆ ಇಲ್ಲ, ಸಮುದ್ರವೂ ಶಾಂತ. ಎಲ್ಲರೂ ಹೇಳೋದು ಅಲ್ಲಿಂದ ಫೆರ್ರಿಯಲ್ಲಿ ಹೋಗುವ ಹ್ಯಾವ್ಲಾಕ್ ದ್ವೀಪದಲ್ಲೇ ಐದು ದಿನ ಇರಿ ಅಂತ. ಆದರೆ ಅಕ್ಕನ ಪ್ರಶ್ನೆಗೆ ಹ್ಯಾವ್ಲಾಕೂ ಪಾಸಾಗಲಿಲ್ಲ. ಅಲ್ಲಿರೋದು ಸಣ್ಣ ಸರ್ಕಾರಿ ಆಸ್ಪತ್ರೆ, ರಾತ್ರಿ ಫೆರ್ರಿ ಇಲ್ಲ. ಹಾಗಂತ ಅಷ್ಟು ದೂರ ಹೋಗಿ ಹ್ಯಾವ್ಲಾಕ್ ನೋಡದೆ ಬರೋಕೆ ನನಗೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ಪೋರ್ಟ್ ಬ್ಲೇರ್‌ನಲ್ಲಿ ನಾಲ್ಕು ರಾತ್ರಿ, ಹ್ಯಾವ್ಲಾಕ್‌ನಲ್ಲಿ ಎರಡೇ ರಾತ್ರಿ ಅಂತ ಮಾಡಿಕೊಂಡೆವು. ನೀಲ್ ದ್ವೀಪ ಪೂರ್ತಿ ಕೈಬಿಟ್ಟೆವು.

ಬುಕಿಂಗ್ ಎಲ್ಲ ವಾಪಸ್ ದುಡ್ಡು ಬರೋ ತರದ್ದೇ ಮಾಡಿದೆವು, ಸ್ವಲ್ಪ ಜಾಸ್ತಿ ಆಯ್ತು, ಪರವಾಗಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ತಗೊಳ್ಳೋಕೆ ಹೋದಾಗ ಸಣ್ಣ ಅಕ್ಷರ ಓದಿದೆ. ಬಸಿರಿಗೆ ಸಂಬಂಧಿಸಿದ ಖರ್ಚು ಅದರಲ್ಲಿ ಸೇರಲ್ಲ ಅಂತ ಇತ್ತು. ನನಗೆ ಬೇಕಾಗಿದ್ದೇ ಅದು! ಬಿಟ್ಟೆ. ಆ ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟು ಅದರ ಕಾರ್ಡ್ ಜೊತೆಗಿಟ್ಟುಕೊಂಡೆ.

ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್. ಕಾರಲ್ಲಿ ಹೋಗಿಬಿಡೋಣ ಅಂದರು ಇವರು. ನಾನು ವಂದೇ ಭಾರತ್ ಅಂದೆ, ಕಾರಣ ಒಂದೇ, ಶೌಚಾಲಯ. ಐದನೇ ತಿಂಗಳಲ್ಲಿ ಗಂಟೆಗೊಂದು ಸಲ ಹೋಗಬೇಕು, ಹೈವೇಯಲ್ಲಿ ಎಲ್ಲಿ ಅಂತ ನಿಲ್ಲಿಸೋದು? ಬೆಂಗಳೂರಲ್ಲಿ ಚಿಕ್ಕಮ್ಮನ ಮನೆಯಲ್ಲಿ ಒಂದು ರಾತ್ರಿ ಮಲಗಿ ಮಾರನೇ ಬೆಳಗ್ಗೆ ವಿಮಾನ ಹತ್ತಿದೆವು. ಒಂದೇ ದಿನದಲ್ಲಿ ರೈಲು, ವಿಮಾನ ಎರಡನ್ನೂ ಎಳೆದಾಡಬೇಡಿ.

ಕೈಚೀಲದಲ್ಲಿ ಇದ್ದದ್ದು ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ರಿಪೋರ್ಟ್, ಬ್ಲಡ್ ಗ್ರೂಪ್ ಬರೆದ ಚೀಟಿ, ಡಾಕ್ಟರ್ ಕೊಟ್ಟ ಪ್ರಯಾಣಕ್ಕೆ ಅಡ್ಡಿ ಇಲ್ಲ ಅನ್ನೋ ಪತ್ರ, ಐರನ್ ಮತ್ತು ಕ್ಯಾಲ್ಸಿಯಂ ಮಾತ್ರೆ, ಓಆರ್‌ಎಸ್. ಇವು ದೊಡ್ಡ ಸೂಟ್‌ಕೇಸಿಗೆ ಹೋಗಬಾರದು, ಅದು ಬೇರೆ ಊರಿಗೆ ಹೋಗಿಬಿಟ್ಟರೆ? ಪತ್ರವನ್ನು ಯಾರೂ ಕೇಳಲಿಲ್ಲ. ವಿಮಾನದಲ್ಲಿ ಓಡಾಡೋಕೆ ಅನುಕೂಲ ಆಗುವ ಕಡೆ ಸೀಟು ತಗೊಂಡೆ, ಕಿಟಕಿ ಆಸೆ ಬಿಟ್ಟು. ಬೆಲ್ಟ್ ಹೊಟ್ಟೆಯ ಮೇಲೆ ಅಲ್ಲ, ಹೊಟ್ಟೆ ಕೆಳಗೆ, ಸೊಂಟದ ಮೂಳೆ ಮೇಲೆ ಕೂರಬೇಕು. ಬಸುರಿಯರಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಅದಕ್ಕೆ ಬಿಗಿ ಸಾಕ್ಸ್ ಹಾಕಿಕೊಂಡು ಗಂಟೆಗೊಂದು ಸಲ ಎದ್ದು ನಡೆದೆ. ಹೇಗಿದ್ದರೂ ಶೌಚಾಲಯಕ್ಕೆ ಹೋಗಲೇಬೇಕಿತ್ತು.

ಸೂಟ್‌ಕೇಸಿನಲ್ಲಿ ಅರ್ಧ ಅತ್ತೆಯವರ ಅಡುಗೆಮನೆ ಇತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಹಚ್ಚಿದ ಮಂಡಕ್ಕಿ. ನಾಚಿಕೆ ಆಯ್ತು, ಆದರೆ ಹ್ಯಾವ್ಲಾಕ್‌ನಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ದಿನಕ್ಕೆರಡು ಹೊತ್ತು ಅದೇ ಪನೀರ್, ಅದೇ ದಾಲ್ ಬಂದಾಗ ನನ್ನನ್ನು ಕಾಪಾಡಿದ್ದು ಆ ರೊಟ್ಟಿ.

ಪೋರ್ಟ್ ಬ್ಲೇರ್‌ನ ಹೋಟೆಲ್‌ನಲ್ಲಿ ಮೊದಲ ಜಗಳ. ಕೆಳಗಿನ ರೂಮು ಬೇಕು, ನಾನು ಬಸುರಿ ಅಂತ ಫೋನಲ್ಲಿ ಎರಡು ಸಲ ಹೇಳಿದ್ದೆ. ಹೋಗಿ ನೋಡಿದರೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ. ಇವರು ಗಲಾಟೆ ಮಾಡಿದ ಮೇಲೆ ಸಂಜೆಗೆ ಕೆಳಗೆ ಕೊಟ್ಟರು, ಅಲ್ಲಿವರೆಗೆ ನಾನು ರಿಸೆಪ್ಷನ್ ಸೋಫಾ ಮೇಲೆ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ.

ಅಲ್ಲಿ ಬೆಳಕು ಬೇಗ, ಕತ್ತಲೂ ಬೇಗ. ಸಂಜೆ ಆರಕ್ಕೆಲ್ಲ ಕತ್ತಲು. ಹಾಗಾಗಿ ನಮ್ಮ ದಿನ ಬೆಳಗ್ಗೆ ಆರರಿಂದ ಒಂಬತ್ತು, ಆಮೇಲೆ ಊಟ ಮಾಡಿ ನಿದ್ದೆ, ಮತ್ತೆ ಮೂರೂವರೆಯಿಂದ ಕತ್ತಲಾಗೋವರೆಗೆ. ದಿನಕ್ಕೆ ಒಂದೇ ಜಾಗ. ಸೆಲ್ಯುಲರ್ ಜೈಲು ನೋಡಿದೆವು, ಮೇಲಿನ ಮಹಡಿಗೆ ಇವರು ಒಬ್ಬರೇ ಹೋಗಿ ಬಂದರು. ರಾಸ್ ದ್ವೀಪಕ್ಕೆ ಬೋಟಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಜಿಂಕೆಗಳು ಕೈಗೆ ಸಿಗುವಷ್ಟು ಹತ್ತಿರ ಬರುತ್ತವೆ. ಸ್ಕೂಬಾ ಬಸುರಿಯರಿಗೆ ಪೂರ್ತಿ ನಿಷಿದ್ಧ, ಜೆಟ್ ಸ್ಕೀ ತರದ್ದೂ ಬೇಡ. ನಾನು ಮೊಣಕಾಲು ನೀರಲ್ಲಿ ನಿಂತೆ, ಸಾಕಾಯ್ತು.

ಹ್ಯಾವ್ಲಾಕ್‌ಗೆ ಖಾಸಗಿ ಫೆರ್ರಿ, ಎರಡು ಗಂಟೆ ಹತ್ತಿರ. ಮುಂದಿನ ಸೀಟು ದುಬಾರಿ, ಕುಣಿಯೋದೂ ಅದೇ ಜಾಸ್ತಿ. ನಡು-ಹಿಂಭಾಗದಲ್ಲಿ ಕೆಳಗಿನ ಅಂತಸ್ತು ತಗೊಳ್ಳಿ. ಡಾಕ್ಟರ್ ಬರೆದುಕೊಟ್ಟ ವಾಂತಿ ಮಾತ್ರೆ ಹತ್ತುವ ಮುಂಚೆಯೇ ನುಂಗಿದ್ದೆ. ಪಕ್ಕದವರು ಕವರ್ ಹಿಡಿದು ಕೂತಿದ್ದರು, ನನಗೆ ಏನೂ ಆಗಲಿಲ್ಲ.

ಮೊದಲ ಸಂಜೆ ರಾಧಾನಗರ ಬೀಚ್. ಬಿಳಿ ಮರಳು, ಹಿಂದೆ ಎತ್ತರದ ಕಾಡು, ಮುಂದೆ ಸೂರ್ಯ ಇಳಿಯುತ್ತಾ ಇದ್ದ. ಇದಕ್ಕೇ ಅಷ್ಟೆಲ್ಲ ಲೆಕ್ಕ ಹಾಕಿದ್ದು ಅನ್ನಿಸಿತು. ಆ ಖುಷಿಯಲ್ಲಿ ಒಂದು ತಪ್ಪು ಮಾಡಿದೆ. ಮರಳಲ್ಲಿ ನಡೆಯುತ್ತಾ ನಡೆಯುತ್ತಾ ತುಂಬಾ ದೂರ ಹೋಗಿಬಿಟ್ಟೆ, ನೀರಿನ ಬಾಟಲಿ ಆಟೋದಲ್ಲೇ ಉಳಿದಿತ್ತು.

ರಾತ್ರಿ ಹತ್ತೂವರೆಗೆ ಹೊಟ್ಟೆ ಗಟ್ಟಿಯಾಯ್ತು. ಕಲ್ಲಿನ ಹಾಗೆ. ಅರ್ಧ ನಿಮಿಷ, ಆಮೇಲೆ ಸಡಿಲ. ಮತ್ತೆ ಹತ್ತು ನಿಮಿಷಕ್ಕೆ ಇನ್ನೊಂದು ಸಲ. ನೋವಿಲ್ಲ, ಆದರೆ ನನಗೆ ಬೆವರು ಕಿತ್ತುಕೊಂಡು ಬಂತು. ಇವರ ಮುಖ ನೋಡಬೇಕಿತ್ತು. ಫೆರ್ರಿ ಇರೋದು ಬೆಳಗ್ಗೆ. ಅಕ್ಕ ಕೇಳಿದ್ದ ಪ್ರಶ್ನೆ ರೂಮಿನೊಳಗೆ ಬಂದು ಕೂತಿತ್ತು. ಮೊಬೈಲ್ ಸಿಗ್ನಲ್ ಬರುತ್ತೆ, ಹೋಗುತ್ತೆ. ಹೋಟೆಲ್ ವೈಫೈ ಹಿಡಿದು ವಾಟ್ಸಾಪ್‌ನಲ್ಲಿ ಡಾಕ್ಟರ್‌ಗೆ ಕರೆ ಮಾಡಿದೆವು, ಆ ಹೊತ್ತಲ್ಲೂ ಎತ್ತಿದರು, ಅವರ ಹೊಟ್ಟೆ ತಣ್ಣಗಿರಲಿ. ರಕ್ತ ಇದೆಯಾ, ನೀರು ಸೋರಿತಾ, ಸೊಂಟ ನೋವಿದೆಯಾ ಅಂತ ಕೇಳಿದರು. ಯಾವುದೂ ಇಲ್ಲ. ಮೂತ್ರ ಮಾಡಿ ಬಾ, ಎರಡು ದೊಡ್ಡ ಲೋಟ ನೀರು ಕುಡಿ, ಎಡಕ್ಕೆ ತಿರುಗಿ ಮಲಗು, ಗಡಿಯಾರ ನೋಡಿ ಎಣಿಸು. ಗಂಟೆಗೆ ನಾಲ್ಕಕ್ಕಿಂತ ಜಾಸ್ತಿ ಬಂದರೆ ಅಲ್ಲಿನ ಆಸ್ಪತ್ರೆಗೆ ಹೋಗಿ, ನಾನೇ ಅವರ ಹತ್ತಿರ ಮಾತಾಡ್ತೀನಿ. ದಣಿದು, ಮೈಯಲ್ಲಿ ನೀರು ಕಮ್ಮಿ ಆದರೆ ಗರ್ಭಕೋಶ ಹೀಗೆ ಬಿಗಿಯುತ್ತಂತೆ.

ಆ ಗಂಟೆಯಲ್ಲಿ ಮೂರು ಸಲ ಬಂತು. ಮುಂದಿನ ಗಂಟೆಯಲ್ಲಿ ಒಂದು. ಆಮೇಲೆ ಇಲ್ಲ. ಇವರು ಓಆರ್‌ಎಸ್ ಕಲಸಿ ಕೊಡುತ್ತಾ, ನೋಟ್‌ಪ್ಯಾಡಿನಲ್ಲಿ ಸಮಯ ಬರೆಯುತ್ತಾ ಬೆಳಗಿನವರೆಗೂ ಕೂತೇ ಇದ್ದರು, ಅಡಿಕೆ ಮೂಟೆ ಲೆಕ್ಕ ಬರೆಯೋ ಹಾಗೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಹನಿಮೂನ್ ಅಂದರೆ ನನಗೆ ಈಗ ಅದೇ ನೆನಪಾಗೋದು.

ಮಾರನೇ ದಿನ ಏನೂ ಮಾಡಲಿಲ್ಲ. ತೆಂಗಿನ ಮರದ ಕೆಳಗೆ ಕುರ್ಚಿ, ಎಳನೀರು, ಕಾಲಿಗೆ ಸೊಳ್ಳೆ ಕ್ರೀಮು, ಮೈತುಂಬ ಬಟ್ಟೆ. ಅಂಡಮಾನಿನಲ್ಲಿ ಮಲೇರಿಯಾ ಇನ್ನೂ ಇದೆ, ಬೀಚಿನಲ್ಲಿ ಮರಳು ನೊಣ ಬೇರೆ, ಕಚ್ಚಿದರೆ ವಾರಗಟ್ಟಲೆ ತುರಿಕೆ. ನಿಜ ಹೇಳಬೇಕು ಅಂದರೆ ಇಡೀ ಪ್ರವಾಸದಲ್ಲಿ ನಾನು ಬಯಸಿದ ಹನಿಮೂನ್ ಆ ಒಂದು ದಿನ.

ಮತ್ತೆ ಹೋಗೋದಾದರೆ ಮೊದಲೇ ಅಲ್ಲಿನ ಆಸ್ಪತ್ರೆಗಳ ಫೋನ್ ನಂಬರ್ ಬರೆದಿಟ್ಟುಕೊಳ್ಳುತ್ತೇನೆ, ನಾವು ದ್ವೀಪ ಹುಡುಕಿದೆವು, ನಂಬರ್ ಹುಡುಕಲಿಲ್ಲ. ಜೈಲು ಒಂದು ಸಂಜೆಗೆ ಸಾಕು, ಪೋರ್ಟ್ ಬ್ಲೇರ್‌ನಲ್ಲಿ ಒಂದು ದಿನ ಕಮ್ಮಿ ಮಾಡಿ ಬೆಂಗಳೂರಲ್ಲಿ ವಾಪಸ್ ಬರುವಾಗಲೂ ಒಂದು ರಾತ್ರಿ ಮಲಗುತ್ತೇನೆ. ಬರುವಾಗ ಅದನ್ನು ಮಾಡದೆ ಅದೇ ದಿನ ಊರಿಗೆ ಹೊರಟು, ಮನೆ ಸೇರುವಷ್ಟರಲ್ಲಿ ಪಾದ ಚಪ್ಪಲಿಯೊಳಗೆ ಹೋಗದಷ್ಟು ಊದಿತ್ತು.

ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಉಪ್ಪು-ಮೆಣಸಿನಕಾಯಿ ನಿವಾಳಿಸಿ ತೆಗೆದರು. ಒಳಗೆ ಕೂರಿಸಿ ಬಿಸಿನೀರಲ್ಲಿ ಕಾಲಿಡೋಕೆ ಹೇಳಿದರು. ಊರು ಹೇಗಿತ್ತು, ಸಮುದ್ರ ಹೇಗಿತ್ತು, ಒಂದೂ ಕೇಳಲಿಲ್ಲ. ಮಗ ಸೂಟ್‌ಕೇಸ್ ತಗೊಂಡು ಒಳಗೆ ಹೋಗೋದನ್ನೇ ಕಾದು, ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ಅವನು ಸ್ನಾನ ಮಾಡ್ಲಿಲ್ಲ ತಾನೇ?"