ನೀರಿನ ಫಿಲ್ಟರಿನ ಕೊಳವೆಯೊಳಗಿನ ಲೋಳೆ ತೆಗೆಯುವುದು ಹೇಗೆ?

ಮೇ ತಿಂಗಳಲ್ಲಿ ಮೂರು ವಾರ ಬೀಗ ಹಾಕಿದ್ದ ಕಲಬುರಗಿಯ ಮನೆಗೆ ಮರಳಿದಾಗ ಫಿಲ್ಟರಿನ ನೀರಿಗೆ ಹಸಿ ಮಣ್ಣಿನ ವಾಸನೆ. ಕಾರ್ಟ್ರಿಜ್ ಹೊಸದು, ನೇರಳಾತೀತ ದೀಪವೂ ಉರಿಯುತ್ತಿತ್ತು. ನಲ್ಲಿಗೆ ಹೋಗುವ ಬಿಳಿ ಕೊಳವೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬೆರಳಾಡಿಸಿದೆ. ಹೆಚ್ಚಿದ ಬೆಂಡೆಕಾಯಿಯಂತೆ ಜಾರಿತು.

ಇದೇ ಬಯೋಫಿಲ್ಮ್. ಬ್ಯಾಕ್ಟೀರಿಯಾಗಳು ಕೊಳವೆಯ ಒಳಮೈಗೆ ಕಚ್ಚಿಕೊಂಡು, ತಾವೇ ಸ್ರವಿಸಿದ ಅಂಟಿನೊಳಗೆ ಬೀಡುಬಿಡುತ್ತವೆ. ನಗರಕ್ಕೆ ಬರುವ ಭೀಮಾ, ಬೆಣ್ಣೆತೊರಾ ನೀರಿನಲ್ಲಿರುವ ಕ್ಲೋರಿನ್ನನ್ನು ಫಿಲ್ಟರಿನ ಇದ್ದಿಲೇ ಹೀರಿಬಿಡುತ್ತದೆ. ದೀಪ ತನ್ನೆದುರು ಹಾಯುವ ನೀರನ್ನಷ್ಟೇ ನೋಡಿಕೊಳ್ಳುತ್ತದೆ. ಅದನ್ನು ದಾಟಿದ ನೀರಿಗೆ ಕಾವಲಿಲ್ಲ. ಸೋಂಕುನಿವಾರಕಕ್ಕೂ ಈ ಗತಿ ತಪ್ಪಿದ್ದಲ್ಲ: 1980ರ ದಶಕದಲ್ಲಿ ಅಮೆರಿಕದಲ್ಲಿ ಅಯೋಡಿನ್ ದ್ರಾವಣದೊಳಗೇ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು, ತಯಾರಿಕಾ ಘಟಕದ ಪೈಪುಗಳತ್ತ ಬೊಟ್ಟು ಮಾಡಲಾಗಿತ್ತು.

ಮೊದಲು ವಿದ್ಯುತ್ ಮತ್ತು ಒಳಬರುವ ನೀರು ಬಂದ್ ಮಾಡಿ, ಟ್ಯಾಂಕ್ ಖಾಲಿ ಮಾಡಿ. ಕೊಳವೆ ಸೇರುವಲ್ಲಿನ ಪ್ಲಾಸ್ಟಿಕ್ ಉಂಗುರವನ್ನು ಒಳಕ್ಕೆ ಒತ್ತಿ ಹಿಡಿದು ಎಳೆದರೆ ಕೊಳವೆ ಬಿಚ್ಚಿಕೊಳ್ಳುತ್ತದೆ. ಲೋಳೆ ಕಂಡ ಕೊಳವೆಯನ್ನು ತೊಳೆಯುತ್ತ ಕೂರಬೇಡಿ, ಬದಲಿಸಿ. ಮೀಟರಿನ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ.

ಬೋರ್‌ವೆಲ್ ನೀರಿನವರ ಟ್ಯಾಂಕಿನಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ. ಆ ಒರಟು ಮೈ ಲೋಳೆಗೆ ಒಳ್ಳೆಯ ಹಿಡಿತ. ಅದನ್ನು ವಿನೆಗರ್‌ನಿಂದ ನೆನೆಸಿ ಉಜ್ಜಿ, ಚೆನ್ನಾಗಿ ತೊಳೆಯಿರಿ. ವಿನೆಗರ್ ಉಳಿದಿರುವಾಗ ಬ್ಲೀಚ್ ಹಾಕಿದರೆ ವಿಷಾನಿಲ ಏಳುತ್ತದೆ. ಬ್ರಷ್ ಕೆಲಸಕ್ಕೆ ಬೇಸರಪಡಬೇಡಿ. ಉಜ್ಜಿ ಒಡೆಯದ ಲೋಳೆಯ ಆಳಕ್ಕೆ ಕ್ಲೋರಿನ್ ಇಳಿಯುವುದಿಲ್ಲ.

ಆಮೇಲೆ ಸುವಾಸನೆ, ಸಾಬೂನು ಬೆರೆಸದ ಶೇ 5ರ ಸೋಡಿಯಂ ಹೈಪೊಕ್ಲೋರೈಟ್ (ದ್ರವ ಬ್ಲೀಚ್) 10 ಮಿಲಿಲೀಟರನ್ನು 10 ಲೀಟರ್ ನೀರಿಗೆ ಬೆರೆಸಿ. ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಯಿತು. ಅದನ್ನು ಟ್ಯಾಂಕಿಗೇ ಸುರಿಯಿರಿ, ಆರ್‌ಒ ಪೊರೆಯ ಮೂಲಕ ಹಾಯಿಸಬೇಡಿ, ಪೊರೆ ಕೆಟ್ಟುಹೋಗುತ್ತದೆ. ನಲ್ಲಿಯಲ್ಲಿ ಕ್ಲೋರಿನ್ ಘಾಟು ಬರುವವರೆಗೆ ಬಿಟ್ಟು, ಮುಚ್ಚಿ, ಅರ್ಧ ಗಂಟೆ ಕಾಯಿರಿ. ನಲ್ಲಿಯ ಮೂತಿಯೊಳಗೂ ಅದೇ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಆಡಿಸಿ. ಬಹಳ ಮಂದಿ ಮರೆಯುವ ಜಾಗ ಅದು.

ದ್ರಾವಣವನ್ನು ಬಚ್ಚಲಿಗೆ ಬಿಡಿ, ಗಿಡಗಳಿಗೆ ಬೇಡ. ಘಾಟು ಹೋಗುವವರೆಗೆ ಟ್ಯಾಂಕನ್ನು ತುಂಬಿಸಿ ಖಾಲಿ ಮಾಡುತ್ತಿರಿ. ನಮ್ಮ ಮನೆಯಲ್ಲಿ ಮೂರನೆಯ ಸಲಕ್ಕೆ ಹೋಯಿತು.